ಮೆಡಿಕಲ್ ಫಿಸಿಕ್ಸ್ ಪದವಿ: ಅಂಕಿಗೆ ಹೊಣೆಯಾಗಲು ಕಲಿಯುವುದು

ಮೆಡಿಕಲ್ ಫಿಸಿಕ್ಸ್ ಪದವಿಗೆ ಸೇರಿದ ಅನೇಕರಿಗೆ ಮೊದಲ ವರ್ಷವೇ ನಿರಾಸೆ. ಕೋರ್ಸಿನ ಹೆಸರಲ್ಲಿ ‘ಮೆಡಿಕಲ್’ ಇದೆ, ಟೈಮ್‌ಟೇಬಲ್ ನೋಡಿದರೆ ಬರೀ ಕ್ಯಾಲ್ಕುಲಸ್, ಮೆಕ್ಯಾನಿಕ್ಸ್, ವಿದ್ಯುತ್ಕಾಂತತೆ. ಲಿನಾಕ್ (ಕ್ಯಾನ್ಸರಿಗೆ ವಿಕಿರಣ ಕೊಡುವ ಯಂತ್ರ), ಎಂಆರ್‌ಐ, ಪೆಟ್ ಸ್ಕ್ಯಾನ್‌ಗಳ ಸುದ್ದಿಯೇ ಇಲ್ಲ. ಅವೆಲ್ಲ ಬರುವವರೆಗೆ ಪಾಸಾಗುವಷ್ಟು ಓದಿಕೊಂಡರೆ ಸಾಕು ಎಂದು ಎರಡು ವರ್ಷ ತಳ್ಳಿಬಿಡುತ್ತಾರೆ. ಆಮೇಲೆ ಲಿನಾಕ್ ಪಾಠ ಬಂದಾಗ ವೇವ್‌ಗೈಡ್ (ಮೈಕ್ರೋವೇವ್ ಸಾಗಿಸುವ ಕೊಳವೆ) ತಲೆಗೆ ಹತ್ತುವುದಿಲ್ಲ, ಎಂಆರ್‌ಐ ಬಂದಾಗ ಫೂರಿಯರ್ ಪರಿವರ್ತನೆ ಹತ್ತುವುದಿಲ್ಲ. ಬಿಟ್ಟುಬಂದ ಪಾಠಗಳೇ ವೇಷ ಬದಲಿಸಿಕೊಂಡು ಎದುರಿಗೆ ನಿಂತಿರುತ್ತವೆ.

ಆಸ್ಪತ್ರೆಯಲ್ಲಿ ಫಿಸಿಸಿಸ್ಟ್‌ನ ಕೆಲಸವೆಂದರೆ, ಸ್ಥೂಲವಾಗಿ, ಒಂದು ಅಂಕಿಯ ಕೆಳಗೆ ಸಹಿ ಹಾಕುವುದು. ಈ ಯಂತ್ರ ಈ ಆಳದಲ್ಲಿ 2 ಗ್ರೇ (ಗ್ರೇ ಎಂದರೆ ವಿಕಿರಣ ಡೋಸಿನ ಅಳತೆ) ಕೊಡುತ್ತದೆ, ತಪ್ಪಿದರೂ ಇಷ್ಟರೊಳಗೇ ತಪ್ಪುತ್ತದೆ ಎಂದು ಹೇಳಿ ಅದಕ್ಕೆ ಹೊಣೆಯಾಗುವುದು. ರೋಗಿಗೆ ತಲುಪುವ ಡೋಸ್ ಶೇ. 5ರೊಳಗೆ ಸರಿಯಿರಬೇಕೆಂದು ವಿಕಿರಣದ ಅಳತೆಗಳ ಅಂತರರಾಷ್ಟ್ರೀಯ ಆಯೋಗ ಐಸಿಆರ್‌ಯು 1976ರಲ್ಲೇ ಹೇಳಿತ್ತು. ಆ ಶೇ. 5 ಒಬ್ಬರ ಪಾಲಿನದಲ್ಲ. ಡಿಟೆಕ್ಟರಿನ ಕ್ಯಾಲಿಬ್ರೇಶನ್, ಯಂತ್ರದ ಏರಿಳಿತ, ಡೋಸ್ ಲೆಕ್ಕ ಹಾಕುವ ಸಾಫ್ಟ್‌ವೇರ್, ರೋಗಿಯನ್ನು ಮಲಗಿಸುವ ರೀತಿ ಎಲ್ಲವೂ ಅದರಲ್ಲೇ ಹಂಚಿಕೊಳ್ಳಬೇಕು. ಪದವಿಯ ವರ್ಷಗಳಲ್ಲಿ ಏನು ಕಲಿಯಬೇಕು, ಏನನ್ನು ಮೇಲ್ಮೇಲೆ ನೋಡಿದರೆ ಸಾಕು ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ: ಅಂಕಿಯೊಂದು ಎಲ್ಲಿಂದ ಬಂತು, ಎಷ್ಟು ತಪ್ಪಿರಬಹುದು ಎಂದು ಹೇಳಲು ಕಲಿಸುವ ಎಲ್ಲವೂ ಮುಖ್ಯ.

ಲ್ಯಾಬ್ ರೆಕಾರ್ಡ್

ಹಾಗಾಗಿ ಮೊದಲ ಜಾಗ ಲ್ಯಾಬಿಗೆ. ‘ಉತ್ತರ ಬಂತಾ, ರೆಕಾರ್ಡಿಗೆ ಸಹಿ ಆಯ್ತಾ’ ಎನ್ನುವಲ್ಲಿಗೆ ಲ್ಯಾಬ್ ಮುಗಿಸುವವರೇ ಹೆಚ್ಚು. ಆದರೆ ಈ ವೃತ್ತಿಯ ಅಸಲು ಪಾಠ ಆ ಮೂರು ಗಂಟೆಯಲ್ಲಿದೆ.

ಕೌಂಟಿಂಗ್ ಪ್ರಯೋಗವನ್ನೇ ತೆಗೆದುಕೊಳ್ಳಿ. ಸಿಂಟಿಲೇಶನ್ ಕೌಂಟರಿನ (ವಿಕಿರಣ ಎಣಿಸುವ ಉಪಕರಣ) ಮುಂದೆ ವಿಕಿರಣದ ಸೋರ್ಸ್ ಇಟ್ಟು 100 ಸೆಕೆಂಡಿಗೆ 1000 ಕೌಂಟ್ ಬಂತು. ಸೋರ್ಸ್ ತೆಗೆದು ಮತ್ತೆ 100 ಸೆಕೆಂಡ್ ಎಣಿಸಿದರೆ ಹಿನ್ನೆಲೆಯದು 400. ನಿವ್ವಳ 600. ಇದರ ಅನಿಶ್ಚಿತತೆ ಎಷ್ಟು? ರೆಕಾರ್ಡುಗಳಲ್ಲಿ ಸಾಮಾನ್ಯವಾಗಿ ಕಾಣುವುದು 600ರ ವರ್ಗಮೂಲ, ಅಂದರೆ 24.5, ಸುಮಾರು ಶೇ. 4. ಇದು ತಪ್ಪು. ಕಳೆಯುವಾಗಲೂ ವೇರಿಯನ್ಸ್‌ಗಳು (ಅನಿಶ್ಚಿತತೆಯ ವರ್ಗ; ಎಣಿಕೆಯಲ್ಲಿ ಅದು ಕೌಂಟಿನಷ್ಟೇ) ಕೂಡುತ್ತವೆ, ಆದ್ದರಿಂದ ತೆಗೆಯಬೇಕಾದದ್ದು 1400ರ ವರ್ಗಮೂಲ: 37.4, ಅಂದರೆ ಶೇ. 6.2. ಹಿನ್ನೆಲೆ ಕಳೆದರೂ ಅದು ತಂದ ಗದ್ದಲ ಹೋಗುವುದಿಲ್ಲ. ನ್ಯೂಕ್ಲಿಯರ್ ಮೆಡಿಸಿನ್ ಚಿತ್ರಗಳಲ್ಲಿ ಸ್ಕ್ಯಾಟರ್ (ಚದುರಿ ಬಂದ ವಿಕಿರಣ) ಕಳೆದಮೇಲೂ ಚಿತ್ರ ಕಾಳುಕಾಳಾಗಿ ಉಳಿಯುವುದಕ್ಕೆ ಇದೂ ಒಂದು ಕಾರಣ.

ಇನ್ನು ಎಲ್ಲರೂ ಮಾಡುವ ವಿಲೋಮ ವರ್ಗ ನಿಯಮದ ಪ್ರಯೋಗ: ದೂರ ಎರಡು ಪಟ್ಟಾದರೆ ವಿಕಿರಣ ನಾಲ್ಕನೇ ಒಂದಕ್ಕಿಳಿಯುತ್ತದೆ. ಗೈಗರ್ ಟ್ಯೂಬಿನಿಂದ ಸೋರ್ಸನ್ನು ದೂರ ಸರಿಸುತ್ತಾ ಕೌಂಟ್ ತೆಗೆದು, ದೂರದ ವರ್ಗದ ವಿಲೋಮದ ಎದುರು ಗ್ರಾಫ್ ಹಾಕುತ್ತೀರಿ. ದೂರದ ಬಿಂದುಗಳು ಗೆರೆಯ ಮೇಲೆ ಕೂರುತ್ತವೆ, ಹತ್ತಿರದವು ಕೆಳಗೆ ಜಾರುತ್ತವೆ. ‘ಪ್ರಯೋಗದ ದೋಷ’ ಎಂದು ಬರೆದು ಮುಂದೆ ಹೋಗಬೇಡಿ. ಇಲ್ಲಿ ಎರಡು ಬೇರೆ ಬೇರೆ ಕಾರಣಗಳು ಒಂದೇ ದಿಕ್ಕಿಗೆ ಎಳೆಯುತ್ತಿವೆ.

ಒಂದು, ನೀವು ಅಳೆದದ್ದು ಟ್ಯೂಬಿನ ಕಿಟಕಿಯವರೆಗಿನ ದೂರ. ವಿಕಿರಣ ಎಣಿಕೆಯಾಗುವುದು ಅದರ ಒಳಗೆಲ್ಲೋ. ಆ ಅಂತರ ಅರ್ಧ ಸೆಂಟಿಮೀಟರ್ ಇದ್ದರೆ 20 ಸೆಂ.ಮೀ. ದೂರದಲ್ಲಿ ಬರುವ ವ್ಯತ್ಯಾಸ ಶೇ. 5, 2 ಸೆಂ.ಮೀ.ನಲ್ಲಿ ಶೇ. 56. ಎರಡು, ಡೆಡ್ ಟೈಮ್. ಒಂದು ಕೌಂಟ್ ಆದಮೇಲೆ ಟ್ಯೂಬ್ ಸ್ವಲ್ಪ ಹೊತ್ತು ಕುರುಡಾಗಿರುತ್ತದೆ. ಆ ಹೊತ್ತು 100 ಮೈಕ್ರೋಸೆಕೆಂಡ್ ಎಂದುಕೊಂಡರೆ, ಸೆಕೆಂಡಿಗೆ 2000 ಎಂದು ತೋರಿಸುವಾಗ ನಿಜವಾದ ದರ 2500. ತಿದ್ದುವ ಕ್ರಮ ಮುಖ್ಯ: ಮೊದಲು ಒಟ್ಟು ದರಕ್ಕೆ ಡೆಡ್ ಟೈಮ್ ತಿದ್ದುಪಡಿ, ಆಮೇಲೆ ಹಿನ್ನೆಲೆ ಕಳೆಯುವುದು, ಕೊನೆಗೆ ದೂರದ ತಿದ್ದುಪಡಿ. ಏಕೆಂದರೆ ಟ್ಯೂಬ್ ಕುರುಡಾಗುವುದು ಹಿನ್ನೆಲೆಯ ಕೌಂಟಿಗೂ ಹೌದು, ಸೋರ್ಸಿನ ಕೌಂಟಿಗೂ ಹೌದು. ದೂರದ ಅಂತರ ತಿಳಿಯಲು ದರದ ವರ್ಗಮೂಲದ ವಿಲೋಮವನ್ನು ದೂರದ ಎದುರು ಹಾಕಿ. ನೇರ ಗೆರೆ ಬರುತ್ತದೆ, ಅದರ ಛೇದಕವನ್ನು ಇಳಿಜಾರಿನಿಂದ ಭಾಗಿಸಿದರೆ ಬೇಕಾದ ಅಂತರ ಸಿಗುತ್ತದೆ. ಡೆಡ್ ಟೈಮ್ ತಿದ್ದದೆ ಈ ಗ್ರಾಫ್ ಹಾಕಿದರೆ ಅಂತರ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ, ಗೆರೆ ಮಾತ್ರ ಹೆಚ್ಚುಕಡಿಮೆ ನೆಟ್ಟಗೇ ಇರುತ್ತದೆ. ನೆಟ್ಟಗಿರುವ ಗೆರೆ ಕೂಡ ಸುಳ್ಳು ಹೇಳಬಲ್ಲದು.

ಡೋಸ್ ಅಳೆಯುವ ಅಯಾನೀಕರಣ ಕೋಣೆ, ಅಂದರೆ ಅಯಾನ್ ಚೇಂಬರ್, ಕೈಗೆ ಸಿಕ್ಕರೆ ಒಂದು ದಿನ ಪೂರ್ತಿ ಅದಕ್ಕೇ ಕೊಡಿ. ಹೊರಗಾಳಿಗೆ ತೆರೆದ ಚೇಂಬರಿನೊಳಗಿನ ಗಾಳಿಯ ದ್ರವ್ಯರಾಶಿ ತಾಪ, ಒತ್ತಡದ ಜೊತೆ ಬದಲಾಗುತ್ತದೆ, ಹಾಗಾಗಿ ರೀಡಿಂಗನ್ನು 20 ಡಿಗ್ರಿ ಸೆಲ್ಸಿಯಸ್, 101.325 ಕಿಲೋಪ್ಯಾಸ್ಕಲ್‌ಗೆ ತಂದು ಹೇಳುವುದು ರೂಢಿ. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಐಎಇಎಯ ಡೋಸ್ ಅಳೆಯುವ ಕೈಪಿಡಿ ಟಿಆರ್‌ಎಸ್-398ರ ಲೆಕ್ಕ ಇದೇ. ಕೋಣೆಯಲ್ಲಿ 24 ಡಿಗ್ರಿ, 99.0 ಕಿಲೋಪ್ಯಾಸ್ಕಲ್ ಇದ್ದರೆ 297.15ನ್ನು 293.15ರಿಂದ ಭಾಗಿಸಿ, 101.325ನ್ನು 99.0ರಿಂದ ಭಾಗಿಸಿ, ಎರಡನ್ನೂ ಗುಣಿಸಿ: 1.037. ಲೆಕ್ಕದಲ್ಲಿ ಕಷ್ಟವೇನಿಲ್ಲ. ಎಡವುವುದು ಒತ್ತಡವನ್ನು ಫೋನಿನ ಹವಾಮಾನ ಆ್ಯಪ್‌ನಿಂದ ತೆಗೆದುಕೊಂಡಾಗ. ಅಲ್ಲಿ ಕಾಣುವುದು ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಹೊಂದಿಸಿದ ಅಂಕಿ. ಲ್ಯಾಬ್ 900 ಮೀಟರ್ ಎತ್ತರದಲ್ಲಿದ್ದರೆ ಕೋಣೆಯ ನಿಜವಾದ ಒತ್ತಡ ಸುಮಾರು 91 ಕಿಲೋಪ್ಯಾಸ್ಕಲ್. ಆ್ಯಪ್ ನಂಬಿದರೆ ಡೋಸ್ ಶೇ. 10ರಷ್ಟು ಕಡಿಮೆ ಎಂದು ತೋರುತ್ತದೆ. ಅದನ್ನು ನಂಬಿ ಯಂತ್ರದ ಔಟ್‌ಪುಟ್ ಏರಿಸಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಕೋಣೆಯಲ್ಲೇ ಇರುವ, ಕ್ಯಾಲಿಬ್ರೇಟ್ ಆದ ಬ್ಯಾರೋಮೀಟರನ್ನೇ ಓದಿ. ಚೇಂಬರನ್ನು ನೀರಿನ ಫ್ಯಾಂಟಮ್‌ನಲ್ಲಿಟ್ಟಿದ್ದರೆ (ಫ್ಯಾಂಟಮ್ ಎಂದರೆ ರೋಗಿಯ ದೇಹದ ಬದಲಿಗೆ ಇಡುವ ಮಾದರಿ) ಕೋಣೆಯ ಗಾಳಿಯ ಬದಲು ನೀರಿನ ತಾಪ ತೆಗೆದುಕೊಳ್ಳಿ, ಚೇಂಬರಿನ ತಾಪ ನೀರಿನದರೊಡನೆ ಒಂದಾಗುವವರೆಗೆ ಕಾಯಿರಿ.

ರೆಕಾರ್ಡಿನಲ್ಲಿ ತಾರೀಖು, ಉಪಕರಣದ ಸೀರಿಯಲ್ ನಂಬರ್, ವೋಲ್ಟೇಜ್, ತಾಪ, ಒತ್ತಡ, ಕಚ್ಚಾ ರೀಡಿಂಗ್‌ಗಳು ಇರಲಿ. ತಪ್ಪಿದ ರೀಡಿಂಗನ್ನು ಅಳಿಸಬೇಡಿ, ಒಂದೇ ಗೆರೆ ಎಳೆದು ಪಕ್ಕದಲ್ಲಿ ಕಾರಣ ಬರೆಯಿರಿ. ಆಸ್ಪತ್ರೆಯ ಕ್ಯೂಎ (ಯಂತ್ರಗಳ ಗುಣಮಟ್ಟ ಪರೀಕ್ಷೆ) ದಾಖಲೆಗಳನ್ನು ಇಡುವುದು ಹೀಗೆಯೇ.

ಕೋಡ್

ಪೈಥಾನ್ ಕಲಿಯಿರಿ ಎಂದು ಎಲ್ಲರೂ ಹೇಳುತ್ತಾರೆ. ಅದಕ್ಕೆ ಒಂದು ಮಾತು ಸೇರಿಸಬೇಕು: ಉತ್ತರ ಮೊದಲೇ ಗೊತ್ತಿರುವ ಲೆಕ್ಕದಿಂದ ಶುರುಮಾಡಿ.

ಮಾಂಟೆ ಕಾರ್ಲೋ (ಯಾದೃಚ್ಛಿಕ ಸಂಖ್ಯೆಗಳಿಂದ ಒಂದೊಂದು ಕಣದ ದಾರಿ ಅನುಕರಿಸುವ ವಿಧಾನ) ಎಂದಕೂಡಲೇ ಅದಕ್ಕಿರುವ ದೊಡ್ಡ ಸಾಫ್ಟ್‌ವೇರ್‌ಗಳಾದ ಜೀಯಾಂಟ್4 ಅಥವಾ ಗೇಟ್ ಇನ್‌ಸ್ಟಾಲ್ ಮಾಡಿಕೊಂಡು ಕೂರಬೇಡಿ. ಇನ್‌ಸ್ಟಾಲ್ ಮಾಡುವುದರಲ್ಲೇ ವಾರ ಕಳೆಯುತ್ತದೆ, ಬಂದ ಉತ್ತರ ಸರಿಯೋ ತಪ್ಪೋ ಹೇಳಲೂ ಬರುವುದಿಲ್ಲ. ಮೊದಲು ಇಪ್ಪತ್ತು ಸಾಲಿನ ಸ್ವಂತ ಪ್ರೋಗ್ರಾಂ ಬರೆಯಿರಿ. 100 ಕೆಇವಿ (ಶಕ್ತಿಯ ಅಳತೆ) ಶಕ್ತಿಯ ಫೋಟಾನ್‌ಗೆ, ಅಂದರೆ ಎಕ್ಸ್‌ರೇ ಕಣಕ್ಕೆ, ನೀರಿನಲ್ಲಿ ಕ್ಷೀಣತೆಯ ಗುಣಾಂಕ ಸೆಂಟಿಮೀಟರಿಗೆ 0.1707; ಇಂಥ ಅಂಕಿಗಳಿರುವ ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿಯ ಕೋಷ್ಟಕಗಳು ಉಚಿತವಾಗಿ ಸಿಗುತ್ತವೆ. 0ಯಿಂದ 1ರೊಳಗೆ ಒಂದು ಯಾದೃಚ್ಛಿಕ ಸಂಖ್ಯೆ ಆರಿಸಿ, ಅದರ ಸ್ವಾಭಾವಿಕ ಲಾಗರಿದಂನ ಚಿಹ್ನೆ ಬದಲಿಸಿ, ಗುಣಾಂಕದಿಂದ ಭಾಗಿಸಿದರೆ ಆ ಫೋಟಾನ್ ಮೊದಲ ಡಿಕ್ಕಿಗೆ ಮುಂಚೆ ಸಾಗುವ ದೂರ ಸಿಗುತ್ತದೆ. 10,000 ಫೋಟಾನ್ ಕಳಿಸಿ, 10 ಸೆಂ.ಮೀ. ದಾಟಿದವನ್ನು ಎಣಿಸಿ. 1814ರ ಆಸುಪಾಸು, 38ರಷ್ಟು ಆಚೀಚೆ ಬರಬೇಕು. ಬರಲಿಲ್ಲವೆಂದರೆ ಕೋಡಿನಲ್ಲಿ ತಪ್ಪಿದೆ. ಬಂದಮೇಲೆ ಕಾಂಪ್ಟನ್ ಚದುರುವಿಕೆ (ಫೋಟಾನ್ ಎಲೆಕ್ಟ್ರಾನ್‌ಗೆ ಡಿಕ್ಕಿಯಾಗಿ ದಿಕ್ಕು ಬದಲಿಸುವುದು) ಸೇರಿಸಿ. ಹಿಂದಿಟ್ಟ ಅಗಲವಾದ ಡಿಟೆಕ್ಟರಿಗೆ ಬರುವ ಸಂಖ್ಯೆ ಏರುತ್ತದೆ, ಏಕೆಂದರೆ ಚದುರಿದ ಫೋಟಾನ್‌ಗಳಲ್ಲೂ ಕೆಲವು ಅಲ್ಲಿಗೆ ಮುಟ್ಟುತ್ತವೆ. ತೆಳು ಕಿರಣ, ಅಗಲ ಕಿರಣಗಳ ವ್ಯತ್ಯಾಸ ಬಾಯಿಪಾಠ ಮಾಡಿದ್ದಕ್ಕಿಂತ ಹೀಗೆ ನೋಡಿದರೆ ಚೆನ್ನಾಗಿ ನಿಲ್ಲುತ್ತದೆ. ಅನಿಶ್ಚಿತತೆ ಅರ್ಧಕ್ಕಿಳಿಯಬೇಕಾದರೆ ಫೋಟಾನ್‌ಗಳು ನಾಲ್ಕು ಪಟ್ಟು ಬೇಕು ಎಂಬುದೂ ಕಂಪ್ಯೂಟರ್ ಬಿಸಿಯಾದಾಗಲೇ ಮನದಟ್ಟಾಗುವುದು.

ಎರಡನೆಯದು ಡೈಕಾಮ್ ಫೈಲುಗಳು, ಅಂದರೆ ಆಸ್ಪತ್ರೆಯ ಸ್ಕ್ಯಾನ್‌ಗಳನ್ನು ಇಡುವ ಫೈಲುಗಳು. ಕ್ಯಾನ್ಸರ್ ಇಮೇಜಿಂಗ್ ಆರ್ಕೈವ್‌ನಿಂದ ಹೆಸರು ತೆಗೆದುಹಾಕಿದ ಸಿಟಿ ಸ್ಕ್ಯಾನ್ ಒಂದನ್ನು ಇಳಿಸಿಕೊಂಡು ಪೈಥಾನ್‌ನ ಪೈಡೈಕಾಮ್‌ನಲ್ಲಿ ತೆರೆಯಿರಿ. ಫೈಲಿನಲ್ಲಿರುವ ಪಿಕ್ಸೆಲ್ ಬೆಲೆ ಹೌನ್ಸ್‌ಫೀಲ್ಡ್ ಅಂಕಿಯಲ್ಲ (ಇದು ನೀರಿಗೆ ಸೊನ್ನೆ ಎಂದಿಟ್ಟುಕೊಂಡು ಅಂಗಾಂಶ ಎಕ್ಸ್‌ರೇಯನ್ನು ಎಷ್ಟು ತಡೆಯುತ್ತದೆಂದು ಹೇಳುವ ಸಿಟಿಯ ಅಳತೆ). ಫೈಲಿನಲ್ಲೇ ಬರೆದಿರುವ ರೀಸ್ಕೇಲ್ ಸ್ಲೋಪ್‌ನಿಂದ ಗುಣಿಸಿ ಇಂಟರ್‌ಸೆಪ್ಟ್ ಕೂಡಿಸಬೇಕು. ಅವು ಹಲವು ಸಲ 1 ಮತ್ತು −1024. ಚಿಹ್ನೆಯಿಲ್ಲದ 16 ಬಿಟ್ ಸಂಖ್ಯೆಯಾಗಿಯೇ ಇಟ್ಟುಕೊಂಡು 1024 ಕಳೆದರೆ ಸೊನ್ನೆಯಿದ್ದ ಗಾಳಿ 64512 ಆಗಿ ಎಲುಬಿಗಿಂತ ಹೆಚ್ಚು ಬೆಳ್ಳಗೆ ಹೊಳೆಯುತ್ತದೆ. ಮೊದಲೇ ಫ್ಲೋಟ್‌ಗೆ ಬದಲಿಸಿಕೊಳ್ಳಿ. ಆಮೇಲೆ ಪರೀಕ್ಷಿಸಿ: ರೋಗಿಯ ಹೊರಗಿನ ಗಾಳಿ −1000ದ ಹತ್ತಿರ, ಕೊಬ್ಬು −100ರ ಹತ್ತಿರ, ಸ್ನಾಯು 50ರ ಆಸುಪಾಸು ಇರಬೇಕು.

ಸ್ಲೈಸ್‌ಗಳನ್ನು ಜೋಡಿಸುವಾಗ ಫೈಲ್ ಹೆಸರಿನ ಕ್ರಮ ನಂಬಬೇಡಿ, ಇನ್‌ಸ್ಟನ್ಸ್ ನಂಬರನ್ನೂ ನಂಬಬೇಡಿ. ಫೈಲಿನಲ್ಲಿ ಸ್ಲೈಸಿನ ಜಾಗ ಹೇಳುವ ‘ಇಮೇಜ್ ಪೊಸಿಶನ್ ಪೇಶೆಂಟ್’ ಎಂಬ ಮೂರು ಅಂಕಿಗಳಲ್ಲಿ ಮೂರನೆಯದರಿಂದ ಜೋಡಿಸಿ. ಗಾತ್ರ ಲೆಕ್ಕ ಹಾಕುವಾಗ ಸ್ಲೈಸಿನ ದಪ್ಪ ಬೇರೆ, ಸ್ಲೈಸ್‌ಗಳ ನಡುವಿನ ಅಂತರ ಬೇರೆ. 3 ಮಿ.ಮೀ. ದಪ್ಪದ ಸ್ಲೈಸ್‌ಗಳನ್ನು 1.5 ಮಿ.ಮೀ.ಗೊಂದರಂತೆ ತೆಗೆದಿದ್ದರೆ, ದಪ್ಪದಿಂದ ಗುಣಿಸಿದವರ ಗೆಡ್ಡೆ ಇದ್ದದ್ದರ ಎರಡು ಪಟ್ಟಾಗುತ್ತದೆ. ಎಲ್ಲ ಮುಗಿದಮೇಲೆ ಅದೇ ಸ್ಕ್ಯಾನನ್ನು 3ಡಿ ಸ್ಲೈಸರ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ತೆರೆದು ನಿಮ್ಮ ಅಂಕಿಗಳ ಜೊತೆ ಹೋಲಿಸಿ.

ಕೋಡ್ ಬರೆಯುವವರೆಲ್ಲ ಥೆರಾಕ್-25ರ ಪ್ರಕರಣ ಓದಲೇಬೇಕು. 1985ರಿಂದ 1987ರ ನಡುವೆ ಆ ಚಿಕಿತ್ಸಾ ಯಂತ್ರದಿಂದ ಆರು ಮಂದಿಗೆ ವಿಪರೀತ ಡೋಸ್ ಬಿತ್ತು; ಕೆಲವರು ಸತ್ತರು. ಹಿಂದಿನ ಮಾದರಿಯಲ್ಲಿದ್ದ ಹಾರ್ಡ್‌ವೇರ್ ಇಂಟರ್‌ಲಾಕ್‌ಗಳನ್ನು (ಅಪಾಯವಾದರೆ ಯಂತ್ರವನ್ನು ತಡೆಯುವ ಸಾಧನಗಳು) ತೆಗೆದು ಕಾವಲನ್ನು ಸಾಫ್ಟ್‌ವೇರಿಗೇ ಒಪ್ಪಿಸಿದ್ದರು. ಒಂದು ಅಪಘಾತದ ಮೂಲ ಒಂದೇ ಬೈಟಿನ, ಅಂದರೆ 255ಕ್ಕಿಂತ ಹೆಚ್ಚು ಹಿಡಿಸದ ವೇರಿಯಬಲ್. ‘ಪರೀಕ್ಷೆ ಮಾಡಬೇಕು’ ಎಂದು ಸೂಚಿಸಲು ಅದಕ್ಕೆ ಒಂದು ಬೆಲೆ ಕೊಡುವ ಬದಲು ಪ್ರತಿಸಲ ಒಂದೊಂದು ಕೂಡಿಸುತ್ತಿದ್ದರು. 256ನೇ ಸಲಕ್ಕೆ ಅದು ತಿರುಗಿ ಸೊನ್ನೆಯಾಗುತ್ತಿತ್ತು. ಸೊನ್ನೆ ಎಂದರೆ ಪರೀಕ್ಷೆ ಬೇಡ. ಆ ಗಳಿಗೆಗೆ ಸರಿಯಾಗಿ ಆಪರೇಟರ್ ಬಟನ್ ಒತ್ತಿದರೆ ತಡೆಯುವವರಿಲ್ಲ. ಹಳೆಯ ಥೆರಾಕ್-20ರಲ್ಲೂ ಸಾಫ್ಟ್‌ವೇರ್ ದೋಷವಿತ್ತು, ಆದರೆ ಅಲ್ಲಿ ಹಾರ್ಡ್‌ವೇರ್ ಕಾವಲಿದ್ದುದರಿಂದ ಯಾರಿಗೂ ಪೆಟ್ಟಾಗಲಿಲ್ಲ.

ಜೀವಶಾಸ್ತ್ರ, ಮತ್ತು ಉಳಿದ ಪಾಠಗಳು

ಫಿಸಿಕ್ಸ್ ವಿದ್ಯಾರ್ಥಿಗಳಿಗೆ ಅಂಗರಚನೆ ಎಂದರೆ ಉರುಹೊಡೆಯುವ ಪಾಠ. ಪುಸ್ತಕದ ಬಣ್ಣದ ಚಿತ್ರ ಬಿಟ್ಟು ಸಿಟಿ ಸ್ಲೈಸ್‌ಗಳಲ್ಲೇ ಕಲಿತರೆ ಅರ್ಧ ಶ್ರಮ ಉಳಿಯುತ್ತದೆ, ಮುಂದೆ ಬೇಕಾಗುವುದೂ ಅದೇ. ಅಡ್ಡ ಸ್ಲೈಸಿನಲ್ಲಿ ರೋಗಿಯ ಬಲಬದಿ ನಿಮ್ಮ ಎಡಕ್ಕೆ ಕಾಣುತ್ತದೆ, ಪಾದದ ಕಡೆ ನಿಂತು ನೋಡಿದ ಹಾಗೆ. ಯಕೃತ್ತು ಯಾವ ಬದಿಗಿದೆ ಎಂದು ನೋಡಿಕೊಳ್ಳುವ ಅಭ್ಯಾಸವಾದರೆ ಚಿತ್ರ ತಿರುಗಿದ್ದು ತಕ್ಷಣ ಗೊತ್ತಾಗುತ್ತದೆ.

ರೇಡಿಯೋಬಯಾಲಜಿ, ಅಂದರೆ ವಿಕಿರಣ ಜೀವಕೋಶಗಳಿಗೆ ಏನು ಮಾಡುತ್ತದೆ ಎಂಬ ಪಾಠ, ಮಾತ್ರ ಚೆನ್ನಾಗಿ ಓದಿ. 60 ಗ್ರೇ ಡೋಸನ್ನು 2 ಗ್ರೇಯಂತೆ 30 ಸಲ ಕೊಡುವ ಬದಲು 3 ಗ್ರೇಯಂತೆ 20 ಸಲ ಕೊಟ್ಟರೆ ಏನು ವ್ಯತ್ಯಾಸ? ಒಟ್ಟು ಒಂದೇ. ಜೈವಿಕ ಪರಿಣಾಮದ ಡೋಸ್ ಲೆಕ್ಕ ಹಾಕಿ: ಪ್ರತಿಸಲದ ಡೋಸನ್ನು ಆಲ್ಫಾ-ಬೀಟಾ ಅನುಪಾತದಿಂದ (ಪ್ರತಿಸಲದ ಡೋಸ್ ಬದಲಾದರೆ ಅಂಗಾಂಶಕ್ಕೆ ಎಷ್ಟು ನಾಟುತ್ತದೆಂದು ಹೇಳುವ ಸಂಖ್ಯೆ) ಭಾಗಿಸಿ, ಅದಕ್ಕೆ ಒಂದು ಕೂಡಿಸಿ, ಬಂದ ಸಂಖ್ಯೆಯಿಂದ ಒಟ್ಟು ಡೋಸನ್ನು ಗುಣಿಸಬೇಕು. ಗೆಡ್ಡೆಗೆ ಅನುಪಾತ 10 ಎಂದಿಟ್ಟುಕೊಂಡರೆ 72 ಇದ್ದದ್ದು 78 ಆಗುತ್ತದೆ. ನಿಧಾನವಾಗಿ ಹಾನಿ ತೋರಿಸುವ ಅಂಗಾಂಶಕ್ಕೆ 3 ಎಂದಿಟ್ಟುಕೊಂಡರೆ 100 ಇದ್ದದ್ದು 120. ಗೆಡ್ಡೆಗೆ ಬಿದ್ದದ್ದು ಶೇ. 8 ಹೆಚ್ಚು, ಬೆನ್ನುಹುರಿಯಂಥ ಕಡೆ ಶೇ. 20 ಹೆಚ್ಚು. ಚಿಕಿತ್ಸೆಯ ನಡುವೆ ಎರಡು ದಿನ ತಪ್ಪಿದರೆ ಉಳಿದ ದಿನಗಳಿಗೆ ಡೋಸ್ ಹಂಚಿಬಿಡೋಣ ಎನ್ನಲಾಗದ್ದು ಇದಕ್ಕೇ.

ಗಣಿತದಲ್ಲಿ ಫೂರಿಯರ್, ರೇಖೀಯ ಬೀಜಗಣಿತ, ಸಂಖ್ಯಾಶಾಸ್ತ್ರ ಬಿಡಬೇಡಿ. ಎಲೆಕ್ಟ್ರಾನಿಕ್ಸ್‌ನಲ್ಲಿ ಆಂಪ್ಲಿಫೈಯರ್, ಗದ್ದಲ, ಎಡಿಸಿ (ಸಿಗ್ನಲನ್ನು ಅಂಕಿಗೆ ಬದಲಿಸುವ ಸರ್ಕ್ಯೂಟ್) ಗೊತ್ತಿದ್ದರೆ ಆಯಿತು. ಕ್ವಾಂಟಂನ ಕಠಿಣ ಭಾಗಗಳು ಪರೀಕ್ಷೆಗೆ ಬೇಕು, ಈ ವೃತ್ತಿಯ ದಿನನಿತ್ಯಕ್ಕೆ ಅಷ್ಟಾಗಿ ಬೇಕಿಲ್ಲ. ಎಂಆರ್‌ಐಯ ಬಹುಪಾಲು ಬ್ಲಾಖ್ (Bloch) ಸಮೀಕರಣಗಳಲ್ಲೇ ಮುಗಿಯುತ್ತದೆ, ಅವು ಅಂಗಾಂಶದ ಕಾಂತತೆ ಹೇಗೆ ಬದಲಾಗುತ್ತದೆಂದು ಹೇಳುವ ಸಮೀಕರಣಗಳು. ಓದಲು ದುಡ್ಡು ಹಾಕಬೇಕಿಲ್ಲ. ವಿಕಿರಣ ಚಿಕಿತ್ಸೆ, ರೋಗನಿರ್ಣಯ, ನ್ಯೂಕ್ಲಿಯರ್ ಮೆಡಿಸಿನ್ ಮೂರಕ್ಕೂ ಐಎಇಎ ದಪ್ಪನೆಯ ಕೈಪಿಡಿಗಳನ್ನು ಉಚಿತವಾಗಿ ಕೊಡುತ್ತದೆ.

ಆಸ್ಪತ್ರೆಯೊಳಗೆ

ಎರಡನೇ ವರ್ಷದ ರಜೆಯಲ್ಲಾದರೂ ಒಂದು ವಿಕಿರಣ ಚಿಕಿತ್ಸಾ ವಿಭಾಗ ನೋಡಿ ಬನ್ನಿ. ಪತ್ರದಲ್ಲಿ ‘ಅನುಭವ ಬೇಕು’ ಎಂದಷ್ಟೇ ಬರೆದರೆ ಉತ್ತರ ಬರುವುದು ಕಷ್ಟ. ‘ತಿಂಗಳ ಕ್ಯೂಎ ನಡೆಯುವ ಒಂದು ಸಂಜೆ ಪಕ್ಕದಲ್ಲಿ ನಿಂತು ನೋಡಲು ಅವಕಾಶ ಸಿಗಬಹುದೇ’ ಎಂದು ಕೇಳಿ. ರೋಗಿಗಳೆಲ್ಲ ಹೋದಮೇಲೆ ನಡೆಯುವ ಕೆಲಸವಾದ್ದರಿಂದ ಒಪ್ಪುವುದು ಅವರಿಗೂ ಸುಲಭ. ಹೋಗುವ ಮುಂಚೆ ಟಾಲರೆನ್ಸ್‌ಗಳನ್ನು (ಎಷ್ಟು ತಪ್ಪಿದರೆ ಸರಿ ಎಂಬ ಮಿತಿಗಳು) ಓದಿಕೊಂಡು ಹೋಗಿ: ಅಮೆರಿಕದ ಮೆಡಿಕಲ್ ಫಿಸಿಸಿಸ್ಟ್‌ಗಳ ಸಂಘ ಎಎಪಿಎಂನ ಟಿಜಿ-142 ವರದಿಯ ಪ್ರಕಾರ ಲಿನಾಕ್‌ನ ಎಕ್ಸ್‌ರೇ ಔಟ್‌ಪುಟ್ ದಿನದ ಪರೀಕ್ಷೆಯಲ್ಲಿ ಶೇ. 3ರೊಳಗೆ, ತಿಂಗಳ ಪರೀಕ್ಷೆಯಲ್ಲಿ ಶೇ. 2ರೊಳಗೆ ಇರಬೇಕು. ಅಲ್ಲಿ ‘ಈ ಯಂತ್ರ ಏನು ಮಾಡುತ್ತೆ ಸರ್’ ಎಂದು ಕೇಳಿದರೆ ಬ್ರೋಷರಿನ ಉತ್ತರ ಸಿಗುತ್ತದೆ. ‘ಕಳೆದ ಸಲ ಮಿತಿ ಮೀರಿದ್ದು ಯಾವುದು, ಕಾರಣ ಹೇಗೆ ಹುಡುಕಿದಿರಿ’ ಎಂದು ಕೇಳಿ, ಆಗ ನಿಜವಾದ ಪಾಠ ಶುರುವಾಗುತ್ತದೆ.

ಡೋಸ್ ಬ್ಯಾಡ್ಜ್ (ನಿಮಗೆ ಬಿದ್ದ ವಿಕಿರಣ ಅಳೆಯುವ ಬಿಲ್ಲೆ) ಕೊಟ್ಟರೆ ಎದೆಮಟ್ಟದಲ್ಲಿ ಹಾಕಿಕೊಳ್ಳಿ. ಕೋಟಿನ ಜೊತೆ ಕೋಣೆಯಲ್ಲಿ ನೇತುಹಾಕಿ ಮರೆತರೆ ಅದರ ರೀಡಿಂಗ್ ನಿಮ್ಮದಲ್ಲ, ಗೋಡೆಯದು. ವಿಕಿರಣ ರಕ್ಷಣೆಯ ಅಂತರರಾಷ್ಟ್ರೀಯ ಆಯೋಗ ಐಸಿಆರ್‌ಪಿಯ ಮಿತಿ ಸಾರ್ವಜನಿಕರಿಗೆ ವರ್ಷಕ್ಕೆ 1 ಮಿಲಿಸೀವರ್ಟ್ (ದೇಹಕ್ಕಾಗುವ ಅಪಾಯದ ಲೆಕ್ಕದಲ್ಲಿ ಡೋಸಿನ ಅಳತೆ), ಕೆಲಸಗಾರರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20. ಎಂಆರ್‌ಐ ಕೋಣೆಯ ಸೂಪರ್‌ಕಂಡಕ್ಟಿಂಗ್ ಆಯಸ್ಕಾಂತ ಸ್ಕ್ಯಾನ್ ನಡೆಯದಾಗಲೂ ಆನ್ ಇರುತ್ತದೆ, ಜೇಬಿನ ಕೀ, ಪೆನ್ನು ಎಲ್ಲ ಹೊರಗಿಡಿ. ಪರದೆಯ ಫೋಟೋ ತೆಗೆಯಬೇಡಿ. ರೋಗಿಯ ಹೆಸರು ಮೂಲೆಯಲ್ಲಿ ಚಿಕ್ಕದಾಗಿ ಇದ್ದೇ ಇರುತ್ತದೆ.

ಕೊನೆಯ ವರ್ಷದ ಪ್ರಾಜೆಕ್ಟ್

ಪ್ರಾಜೆಕ್ಟ್ ಆರಿಸುವಾಗ ಮೊದಲು ಕೇಳಬೇಕಾದದ್ದು: ಡೇಟಾ ಮೊದಲ ದಿನವೇ ಕೈಯಲ್ಲಿದೆಯೇ? ರೋಗಿಗಳ ಡೇಟಾ ಬೇಕಾದರೆ ನೈತಿಕ ಸಮಿತಿಯ ಒಪ್ಪಿಗೆಗೇ ತಿಂಗಳುಗಳು ಹಿಡಿಯಬಹುದು, ನಿಮ್ಮ ಬಳಿ ಇರುವುದು ಒಂದೆರಡು ಸೆಮಿಸ್ಟರ್. ಫ್ಯಾಂಟಮ್ ಅಥವಾ ಮುಕ್ತ ಡೇಟಾ ಆರಿಸಿ.

ಈಗ ಎಲ್ಲರ ಕಣ್ಣು ‘ಎಐ ಬಳಸಿ ಗೆಡ್ಡೆ ಪತ್ತೆ’ ಮೇಲೆ. ನನ್ನ ಮಟ್ಟಿಗೆ ಪದವಿ ಪ್ರಾಜೆಕ್ಟಿಗೆ ಅದು ಒಳ್ಳೆಯ ಆಯ್ಕೆಯಲ್ಲ. ಮಾಡಲೇಬೇಕೆಂದರೆ ಟ್ರೈನಿಂಗ್ ಮತ್ತು ಟೆಸ್ಟ್ ಡೇಟಾವನ್ನು ಸ್ಲೈಸ್ ಲೆಕ್ಕದಲ್ಲಿ ಭಾಗ ಮಾಡಬೇಡಿ, ರೋಗಿಗಳ ಲೆಕ್ಕದಲ್ಲಿ ಮಾಡಿ. ಒಬ್ಬನೇ ರೋಗಿಯ ಅಕ್ಕಪಕ್ಕದ ಸ್ಲೈಸ್‌ಗಳು ಎರಡೂ ಕಡೆ ಬಿದ್ದರೆ ಮಾಡೆಲ್ ಗೆಡ್ಡೆ ಗುರುತಿಸುವ ಬದಲು ರೋಗಿಯನ್ನು ಗುರುತಿಸುತ್ತದೆ. ಅಂಕಿ ಮಾತ್ರ ಅದ್ಭುತವಾಗಿ ಬರುತ್ತದೆ. ಇದಕ್ಕಿಂತ ಸಣ್ಣ, ಗಟ್ಟಿ ಪ್ರಶ್ನೆಗಳು ಎಷ್ಟೋ ಇವೆ. ಸಿಟಿ ಮರುರಚನೆಯಲ್ಲಿ ಪ್ರೊಜೆಕ್ಷನ್‌ಗಳನ್ನು (ಬೇರೆ ಬೇರೆ ಕೋನದಿಂದ ತೆಗೆದ ಅಳತೆಗಳು) 360ರಿಂದ 30ಕ್ಕೆ ಇಳಿಸುತ್ತಾ ಹೋದರೆ ಗೆರೆಗಳ ಕಲೆ ಎಲ್ಲಿಂದ ಏಳುತ್ತದೆ, ತಿರುಗುವ ಕೇಂದ್ರ ಎರಡು ಪಿಕ್ಸೆಲ್ ತಪ್ಪಿದರೆ ಚಿತ್ರ ಹೇಗೆ ಒಡೆಯುತ್ತದೆ, ಮರುರಚನೆಯಲ್ಲಿ ಚಿತ್ರವನ್ನು ಚೂಪಾಗಿಸುವ ರ‍್ಯಾಂಪ್ ಫಿಲ್ಟರ್ ಗದ್ದಲವನ್ನು ಎಷ್ಟು ಹಿಗ್ಗಿಸುತ್ತದೆ. ಪೈಥಾನ್‌ನ ಚಿತ್ರ ಸಂಸ್ಕರಣೆಯ ಲೈಬ್ರರಿ ಸೈಕಿಟ್-ಇಮೇಜ್ ಮತ್ತು ಶೆಪ್-ಲೋಗನ್ ಫ್ಯಾಂಟಮ್ (ತಲೆಯ ಅಡ್ಡಕೊಯ್ತದಂತಿರುವ ಪರೀಕ್ಷಾ ಚಿತ್ರ) ಇದ್ದರೆ ಇಷ್ಟನ್ನೂ ಲ್ಯಾಪ್‌ಟಾಪಿನಲ್ಲೇ ಮಾಡಬಹುದು.

ಮುಂದಿನ ದಾರಿಯನ್ನು ಕೊನೆಯ ವರ್ಷಕ್ಕೆ ಬಿಡಬೇಡಿ. ಪದವಿಯೊಂದರಿಂದಲೇ ಕ್ಲಿನಿಕಲ್ ಫಿಸಿಸಿಸ್ಟ್ ಆಗಲು ಬರುವುದಿಲ್ಲ. ಸ್ನಾತಕೋತ್ತರ ಪದವಿ, ಅದರ ಮೇಲೆ ಮೇಲ್ವಿಚಾರಣೆಯಲ್ಲಿ ಕನಿಷ್ಠ ಎರಡು ವರ್ಷದ ಆಸ್ಪತ್ರೆ ತರಬೇತಿ ಬೇಕೆನ್ನುವುದು ಐಎಇಎಯ ಮಾರ್ಗಸೂಚಿ. ಸೇರಬೇಕೆಂದಿರುವ ಕೋರ್ಸಿಗೆ ಅಲ್ಲಿನ ನಿಯಂತ್ರಣ ಸಂಸ್ಥೆಯ ಮಾನ್ಯತೆ ಇದೆಯೇ, ಪದವಿಯಲ್ಲಿ ಯಾವ ಪೇಪರುಗಳು ಇರಲೇಬೇಕೆನ್ನುತ್ತಾರೆ ಎಂಬುದನ್ನು ಎರಡನೇ ವರ್ಷದಲ್ಲೇ ನೋಡಿಕೊಂಡರೆ ಐಚ್ಛಿಕ ವಿಷಯಗಳನ್ನು ಅದಕ್ಕೆ ತಕ್ಕಂತೆ ಆರಿಸಬಹುದು. ಶಿಫಾರಸು ಪತ್ರವನ್ನು ಕೊನೆಯ ದಿನಾಂಕಕ್ಕೆ ನಾಲ್ಕು ವಾರ ಮುಂಚೆ ಕೇಳಿ. ಪ್ರಾಜೆಕ್ಟ್ ವರದಿ, ಅಂಕಪಟ್ಟಿ, ಅರ್ಜಿ ಹಾಕುತ್ತಿರುವ ಕೋರ್ಸಿನ ವಿವರ ಮೂರನ್ನೂ ಒಂದೇ ಮೇಲ್‌ನಲ್ಲಿ ಕಳಿಸಿ.